ಮುನ್ನೂರು ಚೀಲಗಳ ಹಣೆ

ನನಗೆ ಮೊದಲೇ ಮುಂಗೋಪ. ಆದರೆ ಆ ಬುಧವಾರ ಬೆಳಿಗ್ಗೆ ಬೈಯಬೇಕಾಗಿದ್ದದ್ದು ನನ್ನನ್ನೇ.

ಹೊಸಹಳ್ಳಿಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ನಾನು ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ. ಕಾರು ಯಾವತ್ತೂ ಇರಲಿಲ್ಲ ಬಿಡಿ. ಅಂಗಡಿ ಚೀಲ, ಉಪ್ಪಿನಕಾಯಿ ಡಬ್ಬಿ, ಏನು ತಂದರೂ ಅದರ ಮೇಲೆ ಹೆಸರು, ಚಿತ್ರ ಹಾಕಿಕೊಡುತ್ತೇನೆ. ಅತ್ತಿಗುಪ್ಪೆಯ ಭಾಗವ್ವ ಮುನ್ನೂರು ಬಟ್ಟೆ ಚೀಲ ತಂದಿದ್ದಳು. ಗದಗದ ಕಡೆಯವಳು, ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಇಷ್ಟು ದಿನ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದವಳು ಈಗ ತನ್ನದೇ ಬ್ರ್ಯಾಂಡ್ ಮಾಡಲು ಹೊರಟಿದ್ದಳು. ಚೀಲದ ಮೇಲೆ ಅವಳ ಮುಖವೇ ಇರಬೇಕೆಂದು ಹಟ ಹಿಡಿದವನು ಗಂಡ ಫಕೀರೇಶ. ಅಗಲ ಹಣೆ, ಅದರಲ್ಲಿ ರೂಪಾಯಿಯಗಲ ಕುಂಕುಮ. ಅದಿಲ್ಲದೆ ಭಾಗವ್ವನನ್ನು ನಾನು ಕಂಡೇ ಇಲ್ಲ.

ಬುಧವಾರ ಹನ್ನೊಂದಕ್ಕೆ ಫಕೀರೇಶನಿಗೆ ಹಾರ್ಟ್ ಆಪರೇಷನ್. ಒಳಗೆ ಹೋಗುವ ಮೊದಲು ಚೀಲ ನೋಡಬೇಕು ಅಂದಿದ್ದನಂತೆ. ಅದಕ್ಕೇ ಮಂಗಳವಾರ ಸಂಜೆಯೊಳಗೆ ಅಷ್ಟೂ ಮುಗಿಸಿ, ಒಣಗಿಸಿ, ಬೆಳಿಗ್ಗೆ ಎಂಟಕ್ಕೆ ಆಟೋದಲ್ಲಿ ಕಳಿಸಿಬಿಟ್ಟೆ.

ಒಂಬತ್ತಕ್ಕೆ ಶೆಡ್ಡು ಗುಡಿಸುವಾಗ ಮೇಜಿನ ಕೆಳಗೆ ಒಂದು ಚೀಲ ಸಿಕ್ಕಿತು. ಎತ್ತಿ ಕೊಡವಿದೆ. ಮುಖ ಇತ್ತು, ಮೂಗುತಿ ಇತ್ತು. ಹಣೆ ಬೋಳಾಗಿತ್ತು.

ಅಯ್ಯೋ ದೇವರೇ! ಸೋಮವಾರದ ಸ್ಯಾಂಪಲ್ಲಿನಲ್ಲಿ ಇತ್ತಲ್ಲ! ಭಾಗವ್ವನೇ ನೋಡಿ ಒಪ್ಪಿದ್ದಳಲ್ಲ!

ಫ್ರೇಮನ್ನು ಬೆಳಕಿಗೆ ಹಿಡಿದೆ. ಫ್ರೇಮಿಗೆ ಬಿಗಿದ ತೆಳು ಬಟ್ಟೆಯಲ್ಲಿ ಚಿತ್ರವಿರುವಷ್ಟು ಜಾಗ ಮಾತ್ರ ತೆರೆದಿರುತ್ತದೆ. ರಬ್ಬರ್ ಪಟ್ಟಿಯಲ್ಲಿ ಎಳೆದಾಗ ಬಣ್ಣ ಅಲ್ಲಿಂದ ಇಳಿಯಬೇಕು. ಬೊಟ್ಟಿನ ಜಾಗದಲ್ಲಿ ಕೆಂಪಗೆ ಏನೋ ಮೆತ್ತಿಕೊಂಡು ಒಣಗಿತ್ತು. ಕುಂಕುಮ. ನಾನೇ ಇಟ್ಟದ್ದು.

ಸ್ಯಾಂಪಲ್ ಒಪ್ಪಿಗೆಯಾದ ಮೇಲೆ, ಪೂರ್ತಿ ಕೆಲಸ ಶುರು ಮಾಡುವ ಮೊದಲು, ಹೊಸ ಸ್ಕ್ರೀನಿಗೆ ಪೂಜೆ ಮಾಡುವುದು ನನ್ನ ಪದ್ಧತಿ. ಯಾವಾಗಲೂ ಮರದ ಚೌಕಟ್ಟಿಗೆ ಕುಂಕುಮ ಇಡುತ್ತೇನೆ. ಅವತ್ತು ಊದುಬತ್ತಿ ಹಚ್ಚಿ, ಕುಂಕುಮ ಕಲಸಿ ನಿಂತರೆ ಎದುರಿಗೆ ಸ್ಕ್ರೀನಿನಲ್ಲಿ ಮುತ್ತೈದೆಯ ಮುಖ. ಕೈ ತಾನಾಗಿ ಹಣೆಗೇ ಹೋಯಿತು. ಫಕೀರೇಶನಿಗೆ ಒಳ್ಳೆಯದಾಗಲಿ ಅಂತ ಬೇಡಿಕೊಂಡೇ ಇಟ್ಟೆ. ಹಾಳಾದ ಕೈ! ಪ್ರಿಂಟ್ ಹಾಕುವಾಗ ಕರೆಂಟ್ ಬೇರೆ ಇರಲಿಲ್ಲ. ಅಂಚು ನೋಡಿದೆ, ಬಣ್ಣ ನೋಡಿದೆ, ಹಣೆ ನೋಡಲಿಲ್ಲ.

ಗಂಡ ಆಪರೇಷನ್ನಿಗೆ ಹೊರಟಿರುವಾಗ ಹೆಂಡತಿಯ ಬೋಳು ಹಣೆಯನ್ನು ಮುನ್ನೂರು ಸಲ ಪ್ರಿಂಟ್ ಹಾಕಿ ಕಳಿಸಿದ್ದೆ. ತಕ್ಷಣ ಫೋನ್ ಮಾಡಿದೆ. ಅವಳ ಮೊಬೈಲ್ ಸ್ವಿಚ್ ಆಫ್. ಬಣ್ಣದ ಡಬ್ಬಿ, ಹತ್ತಿ ಸುತ್ತಿದ ಕಡ್ಡಿ, ಆ ಚೀಲ, ಎಲ್ಲವನ್ನೂ ಬ್ಯಾಗಿಗೆ ತುರುಕಿ ಆಟೋ ಹತ್ತಿದೆ.

ಅತ್ತಿಗುಪ್ಪೆಯ ಮನೆಗೆ ಬೀಗ. ಪಕ್ಕದ ಮನೆಯ ಅಣ್ಣಮ್ಮ ಹೊರಗೆ ಬಂದು, "ಆಗ್ಲೇ ಆಸ್ಪತ್ರೆಗೆ ಹೋದ್ಲು ಕಣ್ರೀ. ಕಟ್ಟಿಂದ ಒಂದು ಚೀಲ ಎಳ್ಕೊಂಡು ಓಡಿದ್ಲು, ಬಿಚ್ಚೂ ನೋಡ್ಲಿಲ್ಲ," ಅಂದಳು.

ನೋಡಿಲ್ಲ! ಹಾಗಾದರೆ ಇನ್ನೂ ಟೈಮಿದೆ. ಆದರೆ ಮೆಟ್ರೋ ಬರುತ್ತದೆ ಅಂತ ರಸ್ತೆಯನ್ನೆಲ್ಲ ಬಗೆದು ಹಾಕಿದ್ದರು.

"ಬೇಗ ಹೋಗಪ್ಪಾ!"

"ಮೇಡಂ, ರೋಡ್ ಅಗ್ದಿದ್ದು ನಾನಾ?" ಅಂದ ಆಟೋದವನು.

"ಬಾಯ್ಮುಚ್ಕೊಂಡು ಓಡ್ಸು!" ಅಂದೆ. ಪಾಪ, ಅವನದೇನು ತಪ್ಪು?

ಆಸ್ಪತ್ರೆಯ ಎರಡನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿದಾಗ ಹತ್ತೂ ಐವತ್ತು. ಥಿಯೇಟರ್ ಹೊರಗಿನ ಬೆಂಚಿನಲ್ಲಿ ಭಾಗವ್ವ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಮಡಿಸಿದ ಚೀಲ.

"ಹತ್ತು ಮಿಂಟ್ ಆತ್ರಿ ಒಳಗ ಒಯ್ದು," ಅಂದಳು.

"ಆ ಚೀಲ ಕೊಡಿ ಇಲ್ಲಿ. ತಪ್ಪಾಯ್ತು ಭಾಗವ್ವ, ನನ್ನ ಕೈಯಾರೆ..." ಅಷ್ಟೇ. ಬೈಯುವ ಬಾಯಿಗೆ ಅಳು ಬಂದುಬಿಟ್ಟಿತು.

ಅವಳು ಚೀಲ ಬಿಚ್ಚಿದಳು. ಹಣೆಯ ಮೇಲೆ ಕೆಂಪಗೆ ಒಂದು ಹೆಬ್ಬೆಟ್ಟಿನ ಗುರುತು, ಸೊಟ್ಟಗೆ. ಆಗ ನೋಡಿದೆ, ಅವಳ ಹಣೆಯ ಕುಂಕುಮ ಅರ್ಧ ಅಳಿಸಿತ್ತು.

"ಚೀಲ ಬಿಚ್ಚಿ ನೋಡಿದಾಗ ನನ್ನ ಎದಿ ಧಸಕ್ ಅಂತ್ರಿ. ಮುಚ್ಚಿಡಾಕ ಹೋದೆ, ಅವರು ಕಸಗೊಂಡ್ರು. ನೋಡಿ ನಕ್ಕರು. 'ಪಂಕಜಕ್ಕ ನನಗೂ ಒಂದೀಟು ಕೆಲಸ ಉಳಿಸ್ಯಾರ' ಅಂದು, ನನ್ನ ಹಣಿ ಮ್ಯಾಲಿಂದ ತಗದು ಇದಕ್ಕ ಒತ್ತಿದ್ರು."

ನಾನು ಕಣ್ಣೊರೆಸಿಕೊಂಡು ಬಣ್ಣದ ಡಬ್ಬಿ ತೆಗೆದೆ. "ಬೀಗದ ಕೈ ಕೊಡಿ. ಉಳಿದಿದ್ದಕ್ಕೆಲ್ಲ ಇವತ್ತೇ ಹಾಕ್ಬಿಡ್ತೀನಿ."

ಅವಳು ನನ್ನ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ. 'ಉಳಿದವಕ್ಕ ನಾನ ಬಂದು ಹಚ್ತೀನಿ, ಯಾರೂ ಮುಟ್ಟಬ್ಯಾಡ್ರಿ' ಅಂತ ಹೇಳಿ ಹೋಗ್ಯಾರ. ನೀವು ಹಚ್ಚಿಬಿಟ್ರ ಅವರಿಗೆ ಏನ್ ಕೆಲಸ ಉಳೀತದ?"

ಡಬ್ಬಿಯನ್ನು ಬ್ಯಾಗಿಗೆ ಹಾಕಿದೆ. ಮೇಜಿನ ಕೆಳಗೆ ಸಿಕ್ಕಿದ್ದ ಚೀಲ ಕೈಗೆ ತಗುಲಿತು. ಅದನ್ನು ತೆಗೆದು, ನೀಟಾಗಿ ಮಡಿಸಿ, ಅವಳ ತೊಡೆಯ ಮೇಲಿಟ್ಟೆ.

"ಇದೊಂದು ನಮ್ಮನೇಲೇ ಉಳ್ಕೊಂಡಿತ್ತು," ಅಂದೆ. "ಇದಕ್ಕೂ ಅವ್ರೇ ಬಂದು ಹಚ್ಲಿ."