ಗಾಳೆಪ್ಪನ ಮಾತು

೧೯೩೮ರಲ್ಲಿ ಮದರಾಸಿನ ಮತ್ಸ್ಯವಿಜ್ಞಾನಿಗಳ ಸಂಘವೊಂದಕ್ಕೆ ಹೊಸಪೇಟೆಯಲ್ಲಿ ಶಾಖೆಯಿತ್ತು. ಸದಸ್ಯರು ಏಳೇ ಮಂದಿ. ಕಾರ್ಯದರ್ಶಿ ಕೊಟ್ರಯ್ಯ, ಹೊಳೆ ಕೆರೆಗಳ ಮೀನು ಸಮೀಕ್ಷೆ ಮಾಡುವವನು. ಮೀನು ಮುಟ್ಟಿ ಬಂದವನೆಂದು ತಾಯಿ ಅವನನ್ನು ಸ್ನಾನವಾಗದೆ ಒಳಗೆ ಬಿಡುತ್ತಿರಲಿಲ್ಲ. ಅವನಿಗೆ ಮರ್ಯಾದೆ ಸಿಗುತ್ತಿದ್ದುದು ಆ ಶಾಖೆಯಲ್ಲಿ ಮಾತ್ರ.

ಆ ವರ್ಷ ಮದರಾಸಿನಿಂದ ಕಾಗದ ಬಂತು. ಹೇಳಿಕೊಳ್ಳುವಂಥ ಕೆಲಸ ಮಾಡದ ಶಾಖೆಗಳನ್ನು ಮುಚ್ಚಿ ಪಕ್ಕದ ಶಾಖೆಗೆ ಸೇರಿಸುತ್ತಾರಂತೆ. ಅಂದರೆ ಹೊಸಪೇಟೆಯವರು ಬಳ್ಳಾರಿಗೆ ಸೇರಬೇಕು. ಕೊಟ್ರಯ್ಯನ ಬೀರುವಿನಲ್ಲಿ ತೀರ್ಥಹಳ್ಳಿ ಕಡೆಯಿಂದ ತಂದ ಪಟ್ಟೆಪಟ್ಟೆ ಮೀನೊಂದು ಶೀಸೆಯಲ್ಲಿತ್ತು. ಅಂಥದನ್ನು ಈ ಕಡೆಯ ಹೊಳೆಯಲ್ಲಿ ಯಾರೂ ಕಂಡಿರಲಿಲ್ಲ. ಅವನು ಹಳೆಯ ಚೀಟಿ ಕಿತ್ತು, 'ಹಂಪಿ, ತಳವಾರಘಟ್ಟ' ಎಂದು ಬರೆದು ಅಂಟಿಸಿದ. ಮೀನು ಅಲ್ಲೇ ಸಿಕ್ಕಿತೆಂದು ಮದರಾಸಿಗೆ ಲೇಖನ ಕಳಿಸಿದ. ಶಾಖೆ ಉಳಿಯಿತು.

ಎರಡು ತಿಂಗಳ ಮೇಲೆ ಬಳ್ಳಾರಿ ಶಾಖೆಯ ಅಧ್ಯಕ್ಷ ವಿರುಪಾಕ್ಷಪ್ಪನವರು ಮೀನು ಸಿಕ್ಕ ಜಾಗ ನೋಡಬೇಕೆಂದು ಬಂದರು. ಕೊಟ್ರಯ್ಯ ಶೀಸೆ ಹಿಡಿದು ಅವರ ಜೊತೆ ಹೋದ. ತಳವಾರಘಟ್ಟದಲ್ಲಿ ಹರಿಗೋಲು ನಡೆಸಿ ಮೀನು ಹಿಡಿಯುವ ಗಾಳೆಪ್ಪ ಕೂತಿದ್ದ. ವಿರುಪಾಕ್ಷಪ್ಪನವರು ಅವನಿಗೆ ಶೀಸೆ ತೋರಿಸಿದರು.

"ಏನಪಾ, ಈ ಮೀನು ಇಲ್ಲೇ ಸಿಕ್ತೇನು?"

ಗಾಳೆಪ್ಪ ಶೀಸೆ ನೋಡಿದ, ಆಮೇಲೆ ಕೊಟ್ರಯ್ಯನ ಮುಖ ನೋಡಿದ. ಅಲ್ಲಿ ಏನು ಕಂಡನೋ.

"ಹೌದ್ರಿ. ನನ್ನ ಬಲಿಯಾಗ ಬಿದ್ದಿತ್ತು."

"ನೀನು ಅಂದ್ಯಲ್ಲ, ಮುಗೀತು ಬಿಡು," ಎಂದರು ವಿರುಪಾಕ್ಷಪ್ಪನವರು. ಹೊಳೆ ತುಂಬಿದಾಗ ದಾಟಬಹುದೋ ಬಾರದೋ ಎಂದು ಆಚೆ ದಡದ ಆನೆಗುಂದಿಯವರೂ ಗಾಳೆಪ್ಪನನ್ನೇ ಕೇಳುತ್ತಿದ್ದುದು ಅವರಿಗೆ ಗೊತ್ತಿತ್ತು.

ಕೊಟ್ರಯ್ಯನಿಗೆ ಅನ್ನ ರುಚಿಸಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು ನಡೆದುದನ್ನೆಲ್ಲ ಹೇಳಿದ. ಬಳ್ಳಾರಿಯಿಂದ ಬಂದಿದ್ದ ವಿರುಪಾಕ್ಷಪ್ಪನವರು ಕೇಳಿದರು:

"ಹಂಗಾದ್ರ ಆ ಗಾಳೆಪ್ಪ?"

"ನಾನೇನೂ ಹೇಳಿಕೊಟ್ಟಿದ್ದಿಲ್ರಿ. ತಾನಾಗೇ ಹಂಗಂದ."

ನಿಜವನ್ನೇ ಹೇಳಿದ್ದ. ಆದರೆ ಮಾತು ಬಾಯಿಂದ ಬಿದ್ದ ಕೂಡಲೇ ಅವನ ಕಿವಿಗಳು ಬಿಸಿಯಾದವು. ಎಲ್ಲ ಒಪ್ಪಿಕೊಳ್ಳುವಾಗಲೂ ತನ್ನ ಪಾಲಿಗೆ ಒಂದಿಷ್ಟು ಮಾನ ಉಳಿಸಿಕೊಂಡಿದ್ದ, ಅದೂ ಗಾಳೆಪ್ಪನದನ್ನು ಕಿತ್ತುಕೊಂಡು.

ಶಾಖೆ ಬಳ್ಳಾರಿಗೆ ಸೇರಿತು. ಗಾಳೆಪ್ಪ ಸುಳ್ಳಾಡಿದ ಸುದ್ದಿ ಸಂತೆಗೂ ಅಲ್ಲಿಂದ ಘಟ್ಟಕ್ಕೂ ತಲುಪಿತು. ವಾರವಾದ ಮೇಲೆ ಕೊಟ್ರಯ್ಯ ಅಲ್ಲಿಗೆ ಹೋದಾಗ, ಮೂಟೆ ಹೊತ್ತ ಒಬ್ಬ ಗಾಳೆಪ್ಪನನ್ನು ಕೇಳುತ್ತಿದ್ದ:

"ನೀರು ಇಳದೈತಿ ಅಂತಿ. ಖರೇನ ಹೇಳ್ತೀಯೋ, ಆ ಮೀನಿನಂಗೋ?"

ಸುತ್ತಲಿದ್ದವರು ನಕ್ಕರು. ಮೂಟೆಯವನು ಇನ್ನೊಬ್ಬನ ಹರಿಗೋಲು ಹತ್ತಿದ.

ಕೊಟ್ರಯ್ಯ ಹತ್ತಿರ ಹೋದ. "ಗಾಳೆಪ್ಪ, ನಾನೇ ಹೇಳಿಕೊಟ್ಟಿದ್ದೆ ಅಂತ ಈಗ್ಲೇ ಎಲ್ಲಾರ ಮುಂದ ಹೇಳ್ತೀನಿ."

"ಬ್ಯಾಡ್ರಿ ಅಯ್ಯಾರ. ಅದೂ ಸುಳ್ಳ ಆಕ್ಕೈತಿ."

"ಯಾಕ ಹಂಗಂದಿ ಅವತ್ತು?"

"ನಿಮ್ಮ ಮಕ ಮುಳುಗೋರ ಮಕ ಇದ್ದಂಗಿತ್ರಿ. ಮುಳುಗೋರನ್ನ ಕಂಡ್ರ ನಮಗ ಕೈ ಚಾಚಿ ರೂಢಿ." ಹುಟ್ಟನ್ನು ಎತ್ತಿಕೊಂಡ. "ತಪ್ಪು ಒಪ್ಕಂಡ್ರಿ, ಚಲೋ ಆತು. ನನ್ನ ಮನ್ಯಾಕಿಗೆ ಮಾತ್ರ ಭಾಳ ಬ್ಯಾಸರ ಆಗೈತ್ರಿ. ಬಾವಿ ಕಡಿ ಹೋಗಾದ ಬಿಟ್ಟಾಳ."

ಕೊಟ್ರಯ್ಯ ಏನು ಹೇಳಿದರೂ ಅದು ತನಗಾಗಿಯೇ ಹೇಳಿದಂತಾಗುತ್ತಿತ್ತು. ಚಪ್ಪಲಿ ಬಿಟ್ಟು, ಧೋತರ ಮೇಲೆತ್ತಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಗಾಳೆಪ್ಪನ ಖಾಲಿ ಹರಿಗೋಲಿನಲ್ಲಿ ಹೋಗಿ ಕೂತ.

"ಎಲ್ಲಿಗ್ರಿ?"

"ಆನೆಗುಂದಿಗೆ."

ಆಚೆ ದಡದಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಗಾಳೆಪ್ಪನಿಗೂ ಅದು ಗೊತ್ತಿತ್ತು. ಅವನು ಹರಿಗೋಲನ್ನು ನೀರಿಗೆ ನೂಕಿದ.