ಯಾರೂ ಸಿಗಲಿಲ್ಲ

ಪುಟ್ಟಿ ಅಮ್ಮನ ಹೆಸರನ್ನು ಮತ್ತೆ ಟೈಪ್ ಮಾಡಿದಳು. ತೆರೆಯ ಮೇಲೆ ಅವಳೇ ಕೂರಿಸಿದ್ದ ಹುಡುಕು ಪೆಟ್ಟಿಗೆ ಮತ್ತೆ ಅದನ್ನೇ ಹೇಳಿತು: ಯಾರೂ ಸಿಗಲಿಲ್ಲ. ನಿನ್ನೆ ಹೊಳೆ ಉಕ್ಕಿ ಅರ್ಧ ಪೇಟೆ ಮುಳುಗಿತ್ತು. ಜನರನ್ನು ಸಿಕ್ಕಸಿಕ್ಕ ಶಾಲೆಗಳಿಗೆ ಸಾಗಿಸಿದ್ದರು. ಯಾರು ಎಲ್ಲಿದ್ದಾರೆಂದು ಮನೆಯವರಿಗೆ ತಿಳಿಯಲೆಂದು ಪುಟ್ಟಿಯ ಆಫೀಸಿನವರು ಹಾಗೂ ಹೀಗೂ ಒಂದು ವೆಬ್‌ಸೈಟ್ ಕಟ್ಟಿ ನಿಲ್ಲಿಸಿದ್ದರು. ಊರಿಗೆಲ್ಲ ದಾರಿ ತೋರಿಸುವ ಆ ಸೈಟಿನಲ್ಲಿ ಇವಳನ್ನು ಹೆತ್ತವಳೇ ಇಲ್ಲ. ಹಣೆಬರಹ ಅಂದರೆ ಇದು! ಅಮ್ಮನ ಫೋನೂ ನಿನ್ನೆಯಿಂದ ಸತ್ತು ಬಿದ್ದಿತ್ತು.

ಹೊಳೆದಂಡೆಯಿಂದ ಅಣ್ಣ ಫೋನ್ ಮಾಡಿದ.

"ಸಿಕ್ಕಿದ್ಲಾ?"

"ಇಲ್ಲ. ಇನ್ನೊಂಚೂರು ತಡಿಯೋ."

"ಎಷ್ಟೂಂತ ತಡೀಲಿ? ಯಾವ ಶಾಲೇಲೂ ಇಲ್ಲ ಅಂದ್ರೆ ಅಮ್ಮ ಮನೇಲೇ ಸಿಕ್ಕಾಕ್ಕೊಂಡಿದಾಳೆ. ದೋಣಿ ಬಂತು, ನಾನು ಹೋಗ್ತೀನಿ."

"ಈಜು ಬರಲ್ಲ ನಿಂಗೆ!"

"ಅಮ್ಮಂಗೆ ಬರತ್ತಾ?" ಎಂದವನೇ ಫೋನಿಟ್ಟ.

ಬೆಳಿಗ್ಗೆ ತಾನೇ ಒಂದು ದೋಣಿ ಅಮ್ಮನ ಬೀದಿಯಲ್ಲಿ ಮಗುಚಿತ್ತು. ಪುಟ್ಟಿ ಕಣ್ಣೊರೆಸಿಕೊಂಡಳು. ಅತ್ತರೆ ಅಮ್ಮ ಸಿಗುತ್ತಾಳಾ ಎಂದು ತನ್ನನ್ನೇ ಗದರಿಕೊಂಡು ಡೇಟಾಬೇಸ್ ತೆರೆದಳು. ಅದರಲ್ಲಿ ಹೆಸರುಗಳ ಪಟ್ಟಿ, ಅಂದರೆ ಟೇಬಲ್, ಒಂದೇ ಅಲ್ಲ. ಶಾಲೆಗೆ ಬಂದು ತಂಗಿದವರದು ಬೇರೆ, ಕೆಲಸಕ್ಕೆ ನಿಂತವರದು ಬೇರೆ, ಆಸ್ಪತ್ರೆಗೆ ಹೋದವರದು ಇನ್ನೂ ಬೇರೆ. ಹುಡುಕು ಪೆಟ್ಟಿಗೆ ನೋಡುತ್ತಿದ್ದುದು ತಂಗಿದವರನ್ನು ಮಾತ್ರ. ಗಡಿಬಿಡಿಯಲ್ಲಿ ಸದ್ಯಕ್ಕೆ ಅಷ್ಟು ಸಾಕೆಂದು ಬಿಟ್ಟಿದ್ದವಳೂ ಇವಳೇ, ಪುಣ್ಯಾತ್ಗಿತ್ತಿ! ಈಗ ಎಲ್ಲ ಟೇಬಲ್‌ಗಳಿಗೂ ಒಟ್ಟಿಗೇ ಕೈಹಾಕಿ, ಅಮ್ಮನ ಹೆಸರಿನ ತುಂಡು ಎಲ್ಲಿದ್ದರೂ ಹಿಡಿದು ತಾ ಎಂದು ಒಂದೇ ಆಜ್ಞೆ ಬರೆದಳು.

"ಏಯ್, ನಿಲ್ಸು!" ಹಿಂದಿನಿಂದ ಬಾಸ್ ಕೂಗಿದರು. ಆಫೀಸಿನಲ್ಲಿ ಅವರಿಗೆ ಗುಡುಗು ಎಂದೇ ಹೆಸರು. "ಒಂದೊಂದು ಸಾಲೂ ಓದಿಸ್ತಿದೀಯಲ್ಲ, ಸೈಟ್ ಮಲಗಿಬಿಟ್ರೆ? ಅಷ್ಟು ಜನ ನೋಡ್ತಿದಾರೆ!"

"ಅಮ್ಮ ಇನ್ಯಾವುದಾದ್ರೂ ಟೇಬಲ್ಲಲ್ಲಿ ಇರ್ಬೋದು ಸರ್. ಅಣ್ಣ ನೀರಿಗೆ ಇಳೀತಿದಾನೆ."

ಗುಡುಗು ಅವಳ ಮುಖ ನೋಡಿದರು. "ಒತ್ತು. ಆಗಿದ್ದಾಗ್ಲಿ."

ಒತ್ತಿದಳು. ತೆರೆಯ ಮೇಲಿನ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಆಫೀಸಿನ ಫೋನುಗಳು ಒಂದರ ಹಿಂದೊಂದು ಬಡಿದುಕೊಂಡವು: ಸೈಟ್ ತೆರೀತಿಲ್ಲ, ಸೈಟ್ ತೆರೀತಿಲ್ಲ. ಜನ್ಮದಲ್ಲಿ ಯಾರಿಗೂ ಮೆತ್ತಗೆ ಮಾತಾಡದ ಗುಡುಗು, "ಒಂದ್ನಿಮಿಷ ಸ್ವಾಮಿ, ದಮ್ಮಯ್ಯ," ಎಂದು ಎಲ್ಲರಿಗೂ ಗೋಗರೆಯುತ್ತಿದ್ದರು.

ಕೊನೆಗೆ ಒಂದೇ ಒಂದು ಸಾಲು ಬಂತು. ಕೆಲಸಕ್ಕೆ ನಿಂತವರು. ಗುಡ್ಡದ ಶಾಲೆ. ಅಡುಗೆ.

ಅಯ್ಯೋ ನನ್ನಮ್ಮ! ಬೀಗರ ಮನೆಗೆ ಹೋದರೂ ಕೈಕಟ್ಟಿ ಕೂರದ ಹೆಂಗಸು, ಸಾಲಿನಲ್ಲಿ ನಿಂತು ಹೆಸರು ಬರೆಸಿ ಚಾಪೆ ಇಸಿದುಕೊಳ್ಳುವುದುಂಟೇ? ನೆಟ್ಟಗೆ ಒಲೆಯ ಕಡೆ ನಡೆದಿದ್ದಾಳೆ, ಅಲ್ಲಿದ್ದವರು ಅಡುಗೆಯವಳೆಂದೇ ಬರೆದುಕೊಂಡಿದ್ದಾರೆ. ಪುಟ್ಟಿ ಶಾಲೆಗೆ ಫೋನ್ ಮಾಡಿದಳು.

"ಆ ಅಮ್ಮಾನಾ? ಉಪ್ಪು ಜಾಸ್ತಿ ಆಯ್ತು ಅಂತ ನಮ್ಮನ್ನೆಲ್ಲ ಬೈತಿದಾರೆ. ಕರೀಲಾ?"

"ಬೇಡ, ಬೈಲಿ ಬಿಡಿ!" ಎಂದು ಇಟ್ಟವಳೇ ಅಣ್ಣನಿಗೆ ಹಚ್ಚಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಎತ್ತೋ, ಎತ್ತೋ ಎಂದು ಮೇಜು ಗುದ್ದಿದಳು. ಆಮೇಲೆ ಮೋಟರಿನ ಸದ್ದಿನ ನಡುವೆ ಅಣ್ಣನ ದನಿ ಬಂತು. ಅದನ್ನು ಕೇಳಿದ್ದೇ ಇವಳಿಗೆ ಅಳು ಒತ್ತರಿಸಿ ಬಂದು ಮಾತೇ ಹೊರಡಲಿಲ್ಲ.

"ಪುಟ್ಟಿ... ಹೇಳ್ಬಿಡು. ತಡ್ಕೋತೀನಿ."

"ತಡ್ಕೊಳೋದೇನೋ, ಮಂಕೇ! ಅಮ್ಮ ಗುಡ್ಡದ ಶಾಲೇಲಿ ಸೌಟು ಹಿಡ್ಕೊಂಡು ನಿಂತಿದಾಳೆ. ದೋಣಿ ತಿರುಗಿಸು!"

ಮೋಟರು ನಿಂತಿತು. ದೋಣಿಯಲ್ಲಿದ್ದ ಅಷ್ಟು ಜನರ ನಡುವೆ ನಾಚಿಕೆ ಬಿಟ್ಟು ಅಣ್ಣ ಹೋ ಎಂದು ಅತ್ತ. ಆಮೇಲೆ ಮೂಗು ಒರೆಸಿಕೊಂಡು, "ಇಡಬೇಡ ಕಣೇ," ಎಂದ. "ಇಲ್ಲೊಬ್ರು ಮೇಷ್ಟ್ರಿದಾರೆ, ಹೆಂಡತೀನ ಹುಡುಕ್ಕೊಂಡು ಹೊರಟೋರು. ಅವರೂ ನಿನ್ನ ಸೈಟಲ್ಲಿ ಯಾರೂ ಸಿಗ್ಲಿಲ್ಲ ಅಂತ ನೋಡ್ಕೊಂಡೇ ದೋಣಿ ಹತ್ತಿದಾರೆ."

ಪುಟ್ಟಿಗೆ ಕಪಾಳಕ್ಕೆ ಬಾರಿಸಿದಂತಾಯಿತು. "ಸ್ಪೀಕರ್ ಹಾಕೋ. ನಿಮ್ಮನೆಯವರ ಹೆಸರು ಹೇಳಿ ಮೇಷ್ಟ್ರೇ, ಬೇಗ," ಎಂದಳು.

ದೋಣಿಯಲ್ಲಿದ್ದವರೆಲ್ಲ ಒಟ್ಟಿಗೇ ತಮ್ಮತಮ್ಮವರ ಹೆಸರು ಹೇಳತೊಡಗಿದರು.