ಗುದ್ದಪ್ಪನ ಉಸಿರು

ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಅವಳು ಬೀರುವಿನ ನೆತ್ತಿಯಿಂದ ಹಳೆಯ ವಿಸಿಆರನ್ನು ಎಳೆಯುತ್ತಿದ್ದಳು. ಕೆಳಗೆ ಮಗ ಸ್ಟೂಲಿನ ಕಾಲು ಹಿಡಿದಿದ್ದ. ಬಾಗಿಲಾಚೆ ಹಜಾರದಲ್ಲಿ ಗಂಡನನ್ನು ಮಲಗಿಸಿದ್ದರು. ಗಂಟೆ ಮೂರಾಗಿತ್ತು, ನಾಲ್ಕಕ್ಕೆ ವ್ಯಾನು ಬರುವುದಿತ್ತು.

"ಅಮ್ಮ, ಇವತ್ತೇ ನೋಡಬೇಕಾ ಅದನ್ನ?"

"ಇವತ್ತೇ."

"ಮನೆ ತುಂಬ ಜನ ಇದ್ದಾರೆ. ಆ ಕುಸ್ತಿ ಸಿನಿಮಾ ಹಾಕಿದ್ರೆ ನಗ್ತಾರೆ."

"ನಗ್ಲಿ. ನಾವು ಕಮ್ಮಿ ನಕ್ಕಿದ್ದೀವಾ? ಹಿಡ್ಕೋ, ಭಾರ ಇದೆ."

ಸದ್ದು ಕೇಳಿ ಗಂಡನ ಅಣ್ಣ ಬಾಗಿಲಿಗೆ ಬಂದ. ಅವನದು ಎಲ್ಲದಕ್ಕೂ ಒಂದು ಅಡ್ಡಗಾಲು ಹಾಕುವ ಜಾತಕ.

"ಏನಮ್ಮಾ ಇದು, ಸಾವಿನ ಮನೇಲಿ ಸಿನಿಮಾನಾ? ನೋಡಿದೋರು ಏನಂದಾರು?"

"ಅಂದ್ಕೊಳ್ಳಲಿ ಭಾವ. ಎಂಟು ತಿಂಗಳು ಅವರ ಪಕ್ಕ ಮಲಗಿದ್ದೀನಿ. ತೂತು ಬಿದ್ದ ಸೈಕಲ್ ಟ್ಯೂಬಿನ ಹಾಗೆ ಉಸಿರಾಡ್ತಿದ್ರು. ಈಗ್ಲೂ ಕಣ್ಣು ಮುಚ್ಚಿದ್ರೆ ಅದೇ ಕೇಳತ್ತೆ. ಅವರ ಒಳ್ಳೇ ಉಸಿರು ಉಳಿದಿರೋದು ಈ ಟೇಪಿನಲ್ಲಿ ಮಾತ್ರ, ಕೊನೇ ಕುಸ್ತೀಲಿ. ಅದನ್ನೊಂದ್ಸಲ ಕೇಳ್ತೀನಿ. ಕೇಳೋವರೆಗೂ ಅವರನ್ನ ಕಳಿಸಲ್ಲ."

"ಹಿಡಿದ ಹಠ ಬಿಟ್ಟೋಳಲ್ಲ ನೀನು," ಎಂದು ಗೊಣಗಿ ಭಾವ ಬಾಗಿಲಲ್ಲೇ ನಿಂತ.

ಎದುರು ಮನೆಯ ಟಿವಿ ರಿಪೇರಿಯವನು ಸ್ಕ್ರೂಡ್ರೈವರ್ ಸಮೇತ ಬಂದ. ಮುಚ್ಚಳ ಬಿಚ್ಚಿ, ಒಳಗೆ ಊದಿ, ಮೂಗು ಮುರಿದ.

"ಅಕ್ಕ, ಇದರ ಬೆಲ್ಟ್ ಸತ್ತು ಎಷ್ಟೋ ವರ್ಷ ಆಗಿದೆ. ಈಗ ಎಲ್ಲೂ ಸಿಗಲ್ಲ."

"ಬೆಲ್ಟ್ ಅಂದ್ರೆ ರಬ್ಬರಿಂದು ತಾನೆ?"

ಅವಳು ಮೇಜಿನ ಮೇಲಿದ್ದ ಆಸ್ಪತ್ರೆ ಕಾಗದಗಳ ಕಟ್ಟಿನಿಂದ ರಬ್ಬರ್ ಬ್ಯಾಂಡನ್ನು ಎಳೆದು ಕೊಟ್ಟಳು. ಕಾಗದಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಇನ್ನು ಅವು ಯಾರಿಗೆ ಬೇಕು, ಬಿಡಿ.

*

ಬೀದಿಯವರು ಅವಳ ಗಂಡನನ್ನು ಗುದ್ದಪ್ಪ ಎನ್ನುತ್ತಿದ್ದರು. ಸೊಳ್ಳೆ ಹೊಡೆಯಲೂ ಕೈಬಾರದ ಆಸಾಮಿ, ಆದರೆ ಆ ಕಾಲದ ಸಿನಿಮಾಗಳಲ್ಲಿ ಬಿದ್ದ ಗುದ್ದುಗಳಲ್ಲಿ ಅರ್ಧಕ್ಕರ್ಧ ಅವನವೇ. ಸ್ಟುಡಿಯೋದಲ್ಲಿ ಕೂತು ಚಿತ್ರಕ್ಕೆ ಸದ್ದು ಹಾಕುವುದು ಅವನ ಕೆಲಸ. ನೆನೆಸಿದ ಗೋಣಿಚೀಲಕ್ಕೆ ಗುದ್ದಿದರೆ ಏಟು, ಮೂಲಂಗಿ ಮುರಿದರೆ ಮೂಳೆ. ಎಂಬತ್ತರ ದಶಕದಲ್ಲಿ ಆ ಕುಸ್ತಿ ಸಿನಿಮಾಕ್ಕೆ ಎಷ್ಟು ಮೂಳೆ ಮುರಿದನೆಂದರೆ, ಮನೆಯಲ್ಲಿ ತಿಂಗಳಿಡೀ ಮೂಲಂಗಿಯೇ ಊಟ.

ಕೊನೆಯ ಕುಸ್ತಿಗೆ ಸದ್ದು ಹಾಕುವ ದಿನ ಜೊತೆಗಾರ ಜ್ವರ ಬಂದು ಮಲಗಿದ್ದ. ಊಟದ ಡಬ್ಬಿ ಕೊಡಲು ಹೋದವಳ ಕೈಗೆ ಗಂಡ ಗೋಣಿಚೀಲ ಕೊಟ್ಟ.

"ನಾನು ಹೀರೋ, ನೀನು ಖಳನಾಯಕ. ತೆರೆ ನೋಡ್ಕೊಂಡು ಗುದ್ದು. ನನ್ನ ಮೇಲಿನ ಸಿಟ್ಟೆಲ್ಲ ತೀರಿಸ್ಕೋ."

ತೀರಿಸಿಕೊಂಡಳು. ಗುದ್ದಿನ ಬೆನ್ನಿಗೇ ಬಳೆಗಳು ಝಣ್ ಎಂದವು. ರೆಕಾರ್ಡಿಂಗಿನವನು ತಲೆ ಚಚ್ಚಿಕೊಂಡ. ಗಂಡ ಮಾತ್ರ, "ಇರ್ಲಿ ಸಾರ್, ಆ ದಾಂಡಿಗನ ಸೊಂಟದ ಪಟ್ಟೀದು ಅಂದ್ಕೋತಾರೆ," ಎಂದು ತೇಲಿಸಿಬಿಟ್ಟ.

ಕೊನೆಗೆ ಹೀರೋ ಬೀಳಬೇಕು, ರೆಫರಿ ಹತ್ತರ ಎಣಿಕೆ ಶುರು ಮಾಡಬೇಕು. ಅಲ್ಲಿಗೆ ಏದುಸಿರು ಬೇಕಿತ್ತು. ಹೀರೋ ಆದ ನಟ, ಬಿದ್ದು ಎದ್ದ ಮೇಲಿನ ಅಬ್ಬರಕ್ಕಷ್ಟೇ ದನಿ ಕೊಟ್ಟು ಹೋಗಿದ್ದ. "ಸುಳ್ಳು ಏದುಸಿರು ಸುಳ್ಳಾಗೇ ಕೇಳತ್ತೆ," ಎಂದ ಗಂಡ ನಾಲ್ಕು ಮಹಡಿ ಮೆಟ್ಟಿಲನ್ನು ಮೂರು ಸಲ ಹತ್ತಿಳಿದು, ಓಡಿಬಂದು ಮೈಕಿನ ಪಕ್ಕ ಅಂಗಾತ ಮಲಗಿದ. ಅವಳು ಮೈಕು ಹಿಡಿದುಕೊಂಡು, ಏರಿಳಿಯುವ ಅವನ ಎದೆಯನ್ನೇ ನೋಡುತ್ತ ಕೂತಿದ್ದಳು. ಇಂಥ ಹುಚ್ಚನನ್ನು ಕಟ್ಟಿಕೊಂಡೆನಲ್ಲ ಎಂದು ಅವತ್ತು ಅವಳಿಗೆ ಬಹಳ ಸಂತೋಷವಾಗಿತ್ತು.

*

"ಈ ರಬ್ಬರ್ ಹತ್ತು ನಿಮಿಷ ತಡೆದ್ರೆ ಹೆಚ್ಚು," ಎಂದ ರಿಪೇರಿಯವನು.

"ಅಷ್ಟು ಸಾಕು. ಟೇಪು ಕೊನೇ ಕುಸ್ತೀಲೇ ನಿಂತಿದೆ. ಪ್ರತಿ ಸಲ ಅವರು ಅಲ್ಲಿಗೇ ತಂದಿಡ್ತಿದ್ರು."

ತೆರೆಯ ಮೇಲೆ ಗೆರೆಗಳು ಓಡಿದವು, ಆಮೇಲೆ ಬಣ್ಣ ಬಂತು. ಬೆಳ್ಳಿ ಬಣ್ಣದ ಚಡ್ಡಿ ತೊಟ್ಟ ಹೀರೋ, ತಲೆಗೂದಲು ಕೋಳಿಗೂಡಿನಷ್ಟು. ಎದುರಿಗೆ ಖಳನಾಯಕ, ಹುಬ್ಬಿಗೂ ಮಸಿ ಬಳಿದುಕೊಂಡವನು. ಅವನ ಮುಷ್ಟಿ ಹೀರೋನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಧಡ್ ಎಂಬ ಸದ್ದು ಮಾತ್ರ ಗೋಡೆಗೆ ತಾಗಿತು. ಹಜಾರದಲ್ಲಿದ್ದವರು ಒಬ್ಬೊಬ್ಬರಾಗಿ ಕೋಣೆಗೆ ಬಂದರು. ಮೊದಲು ನಕ್ಕವನು ಭಾವನೇ.

"ಗಾಳಿಗೆ ಹೊಡೆದ್ರೂ ಬೀಳ್ತಾನಲ್ಲೋ ಇವನು!"

ಖಳನಾಯಕ ಮತ್ತೆ ಗುದ್ದಿದ. ಧಡ್, ಹಿಂದೆಯೇ ಝಣ್.

ಮಗ ತಿರುಗಿ ನೋಡಿದ. "ಅಮ್ಮ, ಅದು..."

"ನಾನೇ. ಸುಮ್ನಿರು, ಈಗ ಬರತ್ತೆ."

ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು. ಚಾಲಕ ಬಾಗಿಲಿಗೆ ಬಂದು, "ಹೊರಡೋಣ್ವಾ?" ಎಂದ. ವಿಸಿಆರ್ ಒಳಗೆ ರಬ್ಬರು ಕಿರ್ರೆನ್ನತೊಡಗಿತು. ಅವಳು ತಿರುಗಿಯೂ ನೋಡಲಿಲ್ಲ.

"ಒಂದ್ನಿಮಿಷ ತಡೀರಿ," ಎಂದವನು ಭಾವ.

ಹೀರೋ ಅಂಗಾತ ಬಿದ್ದ. ಜನರ ಕೂಗು, ವಾದ್ಯ ಎಲ್ಲ ನಿಂತವು. ಆಮೇಲೆ ಆ ಉಸಿರು ಬಂತು. ತುಂಬಿದ ಎದೆಯ, ದಪ್ಪನೆಯ, ಮೆಟ್ಟಿಲು ಹತ್ತಿ ಬಂದ ಗಂಡಸಿನ ಉಸಿರು.

ಒಂದು, ಎಂದ ರೆಫರಿ. ಎರಡು. ಕೋಣೆಯಲ್ಲಿ ಯಾರೂ ನಗಲಿಲ್ಲ. ಬಾಗಿಲ ಬಳಿ ನಿಂತ ಹೆಂಗಸೊಬ್ಬಳು ತಟ್ಟನೆ ಹಜಾರದತ್ತ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. ಐದು. ಆರು. ಗುದ್ದಪ್ಪನ ಹೆಂಡತಿ ಟಿವಿಗೆ ಕಿವಿ ತಾಗಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಏಳು. ಎಂಟು.

ಅವಳು ಗುಂಡಿ ಒತ್ತಿ ನಿಲ್ಲಿಸಿದಳು.

"ಒಂಬತ್ತಕ್ಕೆ ಎದ್ದೇಳ್ತಾನಲ್ಲಮ್ಮ," ಎಂದ ಮಗ ಮೆಲ್ಲಗೆ.

"ಗೊತ್ತು ಕಂದ. ಎದ್ದ ಮೇಲಿನದು ಆ ಹೀರೋಂದು. ಎಂಟರವರೆಗೆ ನಿಮ್ಮಪ್ಪಂದು."

ಅವಳು ಎದ್ದು ಮುಖ ಒರೆಸಿಕೊಂಡು ಹಜಾರಕ್ಕೆ ಹೋದಳು. "ಹ್ಞೂಂ, ಎತ್ತಿ. ಈ ಕಡೆ ನಾನು ಹಿಡೀತೀನಿ," ಎಂದಳು. ಭಾವ ಈ ಸಲ ಬೇಡವೆನ್ನಲಿಲ್ಲ, ಸರಿದು ಜಾಗ ಕೊಟ್ಟ. ಎಲ್ಲರೂ ಹೊರಗೆ ಹೋದರು. ಖಾಲಿ ಕೋಣೆಯಲ್ಲಿ ಹೀರೋ ಇನ್ನೂ ಅಂಗಾತ ಬಿದ್ದಿದ್ದ, ರೆಫರಿ ಎಂಟು ಬೆರಳು ಎತ್ತಿ ನಿಂತಿದ್ದ, ನಿಲ್ಲಿಸಿದ ಟೇಪಿನಲ್ಲಿ ಚಿತ್ರ ಸಣ್ಣಗೆ ಮೇಲೆ ಕೆಳಗೆ ಆಡುತ್ತಿತ್ತು.